ಡೆನಿಸ್ ಪಾಪಿನ್

ಡೆನಿಸ್ ಪಾಪಿನ್ (22 ಆಗಸ್ಟ್ 1647 – ಆಗಸ್ಟ್ 1713) ಫ್ರಾನ್ಸ್ ಮೂಲದ ಭೌತವಿಜ್ಞಾನಿ, ಗಣಿತಜ್ಞ ಹಾಗೂ ಉಪಜ್ಞಕಾರ. ಅಧಿಕ ಒತ್ತಡದಲ್ಲಿ ಆಹಾರವನ್ನು ಬೇಯಿಸುವ ಉಗಿ ಡೈಜೆಸ್ಟರ್ ಎಂಬ ಪಾತ್ರೆಯನ್ನು ನಿರ್ಮಿಸಿ, ಅದು ಸಿಡಿಯದಂತೆ ತೂಕದಿಂದ ಒತ್ತಿಹಿಡಿದ ಕವಾಟವೊಂದನ್ನು ಅಳವಡಿಸಿದ. ಈ ಕವಾಟವೇ ಇಂದಿನ ಸುರಕ್ಷಾ ಕವಾಟಗಳ ಪೂರ್ವಜ. ಉಗಿಯಿಂದ ಸಿಲಿಂಡರಿನೊಳಗೆ ಪಿಸ್ಟನ್ನನ್ನು ಚಲಿಸುವಂತೆ ಮಾಡಬಹುದೆಂದು 1690ರಲ್ಲಿ ವಿವರಿಸಿದ ಕಾರಣ ಉಗಿಯಂತ್ರದ ಇತಿಹಾಸದಲ್ಲಿಯೂ ಈತನಿಗೆ ಪ್ರಮುಖ ಸ್ಥಾನವಿದೆ. ಫ್ರಾನ್ಸ್, ಇಂಗ್ಲೆಂಡ್, ಇಟಲಿ ಮತ್ತು ಜರ್ಮನಿಗಳಲ್ಲಿ ಕೆಲಸಮಾಡಿದ ಪಾಪಿನ್ ತನ್ನ ಕೊನೆಯ ವರ್ಷಗಳನ್ನು ಲಂಡನ್ನಿನಲ್ಲಿ ಬಡತನದಲ್ಲಿ ಕಳೆದ.

ಜನನ ಮತ್ತು ವಿದ್ಯಾಭ್ಯಾಸ

ಪಾಪಿನ್ ಮಧ್ಯ ಫ್ರಾನ್ಸಿನ ಬ್ಲ್ವಾ ಪಟ್ಟಣದ ಸಮೀಪದಲ್ಲಿರುವ ಶಿತನೆ ಎಂಬ ಗ್ರಾಮದಲ್ಲಿ ಜನಿಸಿದ. ಈತನ ಮನೆತನದವರು ಹ್ಯೂಗೆನೊ ಎಂದು ಕರೆಯಲ್ಪಡುತ್ತಿದ್ದ ಪ್ರಾಟೆಸ್ಟಂಟ್ ಪಂಥಕ್ಕೆ ಸೇರಿದವರು. ಕ್ಯಾಥೊಲಿಕ್ ಬಹುಸಂಖ್ಯಾತರ ನಡುವೆ ಅಲ್ಪಸಂಖ್ಯಾತರಾಗಿದ್ದ ಈ ಪಂಥದವರಿಗೆ 1598ರ ನಾಂಟ್ ಶಾಸನ ಕೆಲವು ಹಕ್ಕುಗಳನ್ನು ನೀಡಿತ್ತು. ಪಾಪಿನ್ ಹುಟ್ಟುವ ವೇಳೆಗೆ ಆ ಹಕ್ಕುಗಳು ಒಂದೊಂದಾಗಿ ಸಡಿಲಗೊಳ್ಳತೊಡಗಿದ್ದವು. ಈತನ ಬದುಕಿನ ಮುಂದಿನ ಅಲೆದಾಟಕ್ಕೆಲ್ಲ ಇದೇ ಹಿನ್ನೆಲೆ.

ಪಾಪಿನ್ ಆಂಜೆ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಾಸಮಾಡಿ 1669ರಲ್ಲಿ ಪದವಿ ಪಡೆದ. ಆದರೆ ವೈದ್ಯವೃತ್ತಿಗಿಂತ ಯಂತ್ರಗಳ ಕಡೆಗೆ ಮತ್ತು ಗಣಿತದ ಕಡೆಗೆ ಈತನ ಒಲವು ಹೆಚ್ಚಾಗಿತ್ತು.

ಪ್ಯಾರಿಸ್‌ನಲ್ಲಿ ನಿರ್ವಾತದ ಪ್ರಯೋಗಗಳು

1670ರ ದಶಕದ ಆರಂಭದಲ್ಲಿ ಪಾಪಿನ್ ಪ್ಯಾರಿಸ್‌ಗೆ ಬಂದು ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್‌ನ ಸಹಾಯಕನಾದ. ಹೈಗನ್ಸ್ ಆಗ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಪ್ರಮುಖ ಸದಸ್ಯನಾಗಿದ್ದ. ಜರ್ಮನಿಯ ತತ್ತ್ವಜ್ಞಾನಿ ಹಾಗೂ ಗಣಿತಜ್ಞ ಲೈಬ್ನಿಟ್ಸ್‌ನ ಪರಿಚಯವೂ ಪಾಪಿನ್ನನಿಗೆ ಇಲ್ಲಿಯೇ ಆಯಿತು. ಇವರಿಬ್ಬರ ನಡುವಿನ ಪತ್ರವ್ಯವಹಾರ ಮುಂದೆ ಹಲವು ವರ್ಷಗಳ ಕಾಲ ನಡೆಯಿತು.

ಈ ಅವಧಿಯಲ್ಲಿ ಪಾಪಿನ್ ವಾಯುರೇಚಕ ಯಂತ್ರವನ್ನು ಸುಧಾರಿಸಿ ಹಲವು ಪ್ರಯೋಗಗಳನ್ನು ನಡೆಸಿದ. ಅವುಗಳ ವಿವರವನ್ನು ನಿರ್ವಾತದ ಹೊಸ ಪ್ರಯೋಗಗಳು ಎಂಬ ಅರ್ಥದ ಫ್ರೆಂಚ್ ಶೀರ್ಷಿಕೆಯಲ್ಲಿ 1674ರಲ್ಲಿ ಪ್ರಕಟಿಸಿದ. ಇದೇ ಕಾಲದಲ್ಲಿ ಹೈಗನ್ಸ್ ಕೋವಿಮದ್ದಿನಿಂದ ನಡೆಯುವ ಯಂತ್ರವೊಂದನ್ನು ಪರೀಕ್ಷಿಸುತ್ತಿದ್ದ. ಸಿಲಿಂಡರಿನ ತಳದಲ್ಲಿ ಸ್ವಲ್ಪ ಮದ್ದನ್ನು ಸುಟ್ಟರೆ ಒಳಗಿನ ಗಾಳಿ ಹೊರದಬ್ಬಲ್ಪಡುತ್ತದೆ. ಉಳಿದ ಅನಿಲ ತಣ್ಣಗಾದಾಗ ಒಳಗೆ ಭಾಗಶಃ ನಿರ್ವಾತ ಉಂಟಾಗಿ, ಹೊರಗಿನ ವಾಯುಭಾರ ಪಿಸ್ಟನ್ನನ್ನು ಕೆಳಕ್ಕೆ ದಬ್ಬುತ್ತದೆ. ಆದರೆ ಗಾಳಿಯ ಸುಮಾರು ಐದನೆಯ ಒಂದು ಭಾಗ ಒಳಗೇ ಉಳಿಯುತ್ತಿದ್ದುದರಿಂದ ಯಂತ್ರದ ಬಲ ಕುಗ್ಗುತ್ತಿತ್ತು. ಈ ಕೊರತೆಯನ್ನು ನೀಗುವ ಯೋಚನೆಯೇ ಪಾಪಿನ್ನನನ್ನು ಕ್ರಮೇಣ ಉಗಿಯ ಕಡೆಗೆ ಸೆಳೆಯಿತು.

ಲಂಡನ್ ಮತ್ತು ಉಗಿ ಡೈಜೆಸ್ಟರ್

ಪಾಪಿನ್ 1675ರಲ್ಲಿ ಇಂಗ್ಲೆಂಡಿಗೆ ಹೋಗಿ, ಅನಿಲಗಳ ಒತ್ತಡ ಮತ್ತು ಗಾತ್ರಗಳ ಸಂಬಂಧವನ್ನು ನಿರೂಪಿಸಿದ್ದ ರಾಬರ್ಟ್ ಬಾಯ್ಲ್‌ನ ಪ್ರಯೋಗಶಾಲೆಯಲ್ಲಿ ಕೆಲಸಕ್ಕೆ ಸೇರಿದ. 1676ರಿಂದ 1679ರ ವರೆಗೆ ಇಲ್ಲಿ ನಡೆಸಿದ ಪ್ರಯೋಗಗಳು ಬಾಯ್ಲ್‌ನ ಹೆಸರಿನಲ್ಲಿ ಪ್ರಕಟವಾದ ಗ್ರಂಥದಲ್ಲಿ ಸೇರಿವೆ.

ಉಗಿ ಡೈಜೆಸ್ಟರ್ ಸಿದ್ಧವಾದದ್ದು 1679ರಲ್ಲಿ. ದಪ್ಪ ಗೋಡೆಯ ಲೋಹದ ಪಾತ್ರೆ, ತಿರುಪುಗಳಿಂದ ಬಿಗಿದ ಮುಚ್ಚಳ, ಒಳಗೆ ನೀರು ಮತ್ತು ಬೇಯಿಸಬೇಕಾದ ಪದಾರ್ಥ – ಇಷ್ಟೇ ಇದರ ರಚನೆ. ಮುಚ್ಚಿದ ಪಾತ್ರೆಯಲ್ಲಿ ಉಗಿ ಹೊರಹೋಗದೆ ಒತ್ತಡ ಏರುತ್ತದೆ. ಒತ್ತಡ ಏರಿದಂತೆ ನೀರಿನ ಕುದಿಬಿಂದುವೂ ಏರುತ್ತದೆ. ಒಳಗಿನ ಒತ್ತಡ ವಾಯುಭಾರದ ಎರಡರಷ್ಟಾದಾಗ ನೀರು ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಈ ಶಾಖದಲ್ಲಿ ಗಟ್ಟಿಯಾದ ಎಲುಬುಗಳೂ ಮೆತ್ತಗಾಗಿ ಅವುಗಳಲ್ಲಿರುವ ಜೆಲಾಟಿನ್ ಬಿಡುಗಡೆಯಾಗುತ್ತದೆ. ಕಸವೆಂದು ಎಸೆಯುವ ಎಲುಬಿನಿಂದ ಕಡಿಮೆ ಉರುವಲಿನಲ್ಲಿ ಬಡವರಿಗೆ ಪೌಷ್ಟಿಕ ಆಹಾರ ಒದಗಿಸಬಹುದೆಂಬುದು ಪಾಪಿನ್ನನ ಆಶಯವಾಗಿತ್ತು.

ಈತ 1680ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾಗಿ ಆಯ್ಕೆಯಾದ. ಡೈಜೆಸ್ಟರಿನ ರಚನೆ ಹಾಗೂ ಬಳಕೆಯನ್ನು ವಿವರಿಸುವ ಇಂಗ್ಲಿಷ್ ಪುಸ್ತಕವನ್ನು 1681ರಲ್ಲಿ ಪ್ರಕಟಿಸಿದ. 1682ರ ಏಪ್ರಿಲ್ 12ರಂದು ಸೊಸೈಟಿಯ ಸದಸ್ಯರಿಗೆ ಡೈಜೆಸ್ಟರಿನಲ್ಲಿ ಬೇಯಿಸಿದ ಅಡುಗೆಯ ಔತಣ ನಡೆಯಿತು. ಅದರಲ್ಲಿ ಭಾಗವಹಿಸಿದ್ದ ಜಾನ್ ಎವೆಲಿನ್, ದನ ಮತ್ತು ಕುರಿಯ ಗಟ್ಟಿ ಎಲುಬುಗಳು ಹೆಚ್ಚಿನ ನೀರಾಗಲಿ ಉರುವಲಾಗಲಿ ಇಲ್ಲದೆ ಮೆತ್ತಗಾಗಿದ್ದುದನ್ನು ತನ್ನ ದಿನಚರಿಯಲ್ಲಿ ದಾಖಲಿಸಿದ್ದಾನೆ.

ಸುರಕ್ಷಾ ಕವಾಟ

ಡೈಜೆಸ್ಟರಿನಲ್ಲಿ ಅಪಾಯವೂ ಇತ್ತು. ಒಲೆಯ ಉರಿ ಹೆಚ್ಚಾದರೆ ಒಳಗಿನ ಒತ್ತಡಕ್ಕೆ ಮಿತಿಯೇ ಇರುತ್ತಿರಲಿಲ್ಲ. ಪಾತ್ರೆ ಸಿಡಿದರೆ ಹತ್ತಿರದಲ್ಲಿದ್ದವರ ಪ್ರಾಣಕ್ಕೇ ಸಂಚಕಾರ. ಇದನ್ನು ತಡೆಯಲು ಪಾಪಿನ್ ಮುಚ್ಚಳದಲ್ಲಿ ಸಣ್ಣ ರಂಧ್ರವೊಂದನ್ನು ಮಾಡಿ, ಅದರ ಮೇಲೆ ಕವಾಟವನ್ನು ಕೂರಿಸಿ, ಕವಾಟವನ್ನು ಸನ್ನೆಗೋಲಿನಿಂದ ಒತ್ತಿಹಿಡಿದ. ಸನ್ನೆಗೋಲಿನ ಒಂದು ತುದಿ ಕೀಲಿಗೆ ಸೇರಿರುತ್ತದೆ. ಇನ್ನೊಂದು ಕಡೆ ತೂಕದ ಗುಂಡು ನೇತಾಡುತ್ತದೆ. ಉಗಿಯ ಒತ್ತಡ ನಿಗದಿತ ಮಿತಿಯನ್ನು ಮೀರಿದಾಗ ಕವಾಟ ಮೇಲೆದ್ದು ಉಗಿ ಹೊರಬರುತ್ತದೆ. ಒತ್ತಡ ಇಳಿದಾಗ ತೂಕದಿಂದಾಗಿ ಕವಾಟ ತಾನಾಗಿಯೇ ಮುಚ್ಚಿಕೊಳ್ಳುತ್ತದೆ.

ಇದರ ಹಿಂದಿನ ಲೆಕ್ಕ ತಕ್ಕಡಿಯ ಲೆಕ್ಕದಂತೆಯೇ ಸರಳವಾದುದು. ರಂಧ್ರದ ವಿಸ್ತೀರ್ಣ 1 ಚದರ ಸೆಂಟಿಮೀಟರ್ ಮತ್ತು ಒಳಗಿನ ಒತ್ತಡ ಹೊರಗಿನದಕ್ಕಿಂತ 5 ಬಾರ್ ಹೆಚ್ಚಾಗಿದ್ದರೆ ಕವಾಟವನ್ನು ಮೇಲಕ್ಕೆ ದಬ್ಬುವ ಬಲ ಸುಮಾರು 5 ಕಿಲೋಗ್ರಾಂ ತೂಕಕ್ಕೆ ಸಮ. ಕೀಲಿನಿಂದ ಕವಾಟಕ್ಕಿರುವ ದೂರದ ಹತ್ತರಷ್ಟು ದೂರದಲ್ಲಿ ಗುಂಡನ್ನು ತೂಗುಹಾಕಿದರೆ, ಸನ್ನೆಗೋಲಿನ ಸ್ವಂತ ತೂಕವನ್ನು ಬಿಟ್ಟು, ಕೇವಲ ಅರ್ಧ ಕಿಲೋಗ್ರಾಂ ಗುಂಡು ಸಾಕು. ಗುಂಡನ್ನು ಸನ್ನೆಗೋಲಿನ ಮೇಲೆ ಅತ್ತಿತ್ತ ಸರಿಸಿ ಕವಾಟ ತೆರೆಯುವ ಒತ್ತಡವನ್ನು ಬದಲಿಸಬಹುದು. ಹೀಗಾಗಿ ಪಾಪಿನ್ನನ ಕವಾಟ ರಕ್ಷಣೆಯ ಸಾಧನವಾಗಿದ್ದುದರ ಜೊತೆಗೆ ಒತ್ತಡವನ್ನು ಅಳೆಯುವ ಸಾಧನವೂ ಆಗಿತ್ತು. ಶಾಖವನ್ನು ಅಂದಾಜು ಮಾಡಲು ಈತ ಮುಚ್ಚಳದ ಮೇಲೆ ಒಂದು ಹನಿ ನೀರು ಹಾಕಿ, ಅದು ಆರಲು ಹಿಡಿಯುವ ಕಾಲವನ್ನು ಲೋಲಕದಿಂದ ಎಣಿಸುತ್ತಿದ್ದ.

ಇಂದು ಭಾರತದ ಮನೆಮನೆಗಳಲ್ಲಿರುವ ಪ್ರೆಷರ್ ಕುಕ್ಕರ್ ಇದೇ ತತ್ತ್ವದ ಮೇಲೆ ಕೆಲಸಮಾಡುತ್ತದೆ. ಸನ್ನೆಗೋಲಿನ ಬದಲು ತೂಕವನ್ನು ನೇರವಾಗಿ ರಂಧ್ರದ ಮೇಲೆಯೇ ಕೂರಿಸಲಾಗುತ್ತದೆ. 3 ಮಿಲಿಮೀಟರ್ ವ್ಯಾಸದ ರಂಧ್ರವನ್ನು 1 ಬಾರ್ ಹೆಚ್ಚುವರಿ ಒತ್ತಡದ ವರೆಗೆ ಮುಚ್ಚಿಡಲು ಸುಮಾರು 70 ಗ್ರಾಂ ತೂಕ ಸಾಕಾಗುತ್ತದೆ.

ವೆನಿಸ್ ಮತ್ತು ಮರಳಿ ಲಂಡನ್

ವೆನಿಸ್‌ನಲ್ಲಿ ಹೊಸದಾಗಿ ಆರಂಭವಾಗಿದ್ದ ವಿಜ್ಞಾನ ಅಕಾಡೆಮಿಯೊಂದರ ಆಹ್ವಾನದ ಮೇರೆಗೆ ಪಾಪಿನ್ ಅಲ್ಲಿಗೆ ತೆರಳಿ ಪ್ರಯೋಗಗಳ ನಿರ್ದೇಶಕನಾಗಿ ಕೆಲಸಮಾಡಿದ. 1684ರಲ್ಲಿ ಲಂಡನ್ನಿಗೆ ಮರಳಿ ರಾಯಲ್ ಸೊಸೈಟಿಯಲ್ಲಿ ಪ್ರಯೋಗಗಳ ತಾತ್ಕಾಲಿಕ ಮೇಲ್ವಿಚಾರಕನಾದ. ಇದಕ್ಕೆ ದೊರೆಯುತ್ತಿದ್ದ ಸಂಭಾವನೆ ವರ್ಷಕ್ಕೆ 30 ಪೌಂಡುಗಳು.

1685ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ ನಾಂಟ್ ಶಾಸನವನ್ನು ರದ್ದುಗೊಳಿಸಿದ. ಪ್ರಾಟೆಸ್ಟಂಟರ ಪೂಜಾಸ್ಥಳಗಳನ್ನು ಕೆಡವಲಾಯಿತು. ಅಪಾರ ಸಂಖ್ಯೆಯ ಹ್ಯೂಗೆನೊಗಳು ದೇಶ ತೊರೆದರು. ತನ್ನ ನಂಬಿಕೆಯನ್ನು ಉಳಿಸಿಕೊಂಡು ತಾಯ್ನಾಡಿಗೆ ಹಿಂದಿರುಗುವ ದಾರಿ ಪಾಪಿನ್ನನಿಗೆ ಮುಚ್ಚಿಹೋಯಿತು.

ಮಾರ್ಬುರ್ಗ್ ಮತ್ತು ಕಾಸೆಲ್

ಜರ್ಮನಿಯ ಹೆಸ್ಸೆ-ಕಾಸೆಲ್ ಸಂಸ್ಥಾನದ ದೊರೆ ಕಾರ್ಲ್, ಫ್ರಾನ್ಸಿನಿಂದ ಬಂದ ಪ್ರಾಟೆಸ್ಟಂಟ್ ನಿರಾಶ್ರಿತರಿಗೆ ಆಶ್ರಯ ನೀಡಿದವರಲ್ಲಿ ಒಬ್ಬ. ಆತನ ಆಹ್ವಾನದಂತೆ ಪಾಪಿನ್ ಮಾರ್ಬುರ್ಗ್ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕನಾದ. ತನ್ನಂತೆಯೇ ನಿರಾಶ್ರಿತಳಾಗಿ ಬಂದಿದ್ದ ಬಂಧುವೊಬ್ಬಳನ್ನು 1691ರಲ್ಲಿ ಮದುವೆಯಾದ. ಆಕೆ ವಿಧವೆಯಾಗಿದ್ದಳು. ಮಾರ್ಬುರ್ಗ್‌ನಲ್ಲಿ ಸಂಬಳ ಕಡಿಮೆಯಿತ್ತು. ಗಣಿತ ಕಲಿಯಲು ಬರುವ ವಿದ್ಯಾರ್ಥಿಗಳೂ ವಿರಳ. 1695ರಲ್ಲಿ ಪಾಪಿನ್ ರಾಜಧಾನಿ ಕಾಸೆಲ್‌ಗೆ ಸ್ಥಳಾಂತರಗೊಂಡು ದೊರೆಯ ಆಶ್ರಯದಲ್ಲಿ ನೀರೆತ್ತುವ ಯಂತ್ರಗಳು, ಕುಲುಮೆಗಳು, ಮುಳುಗುದೋಣಿ ಮೊದಲಾದವುಗಳ ಮೇಲೆ ಗಮನ ಹರಿಸಿದ. ಚಲಿಸುವ ವಸ್ತುವಿನ ಬಲವನ್ನು ಹೇಗೆ ಅಳೆಯಬೇಕೆಂಬ ಪ್ರಶ್ನೆಯ ಮೇಲೆ ಈತನಿಗೂ ಲೈಬ್ನಿಟ್ಸ್‌ನಿಗೂ ದೀರ್ಘ ವಾಗ್ವಾದ ನಡೆಯಿತು. ಆದರೂ ಅವರ ಸ್ನೇಹಕ್ಕೆ ಧಕ್ಕೆ ಬರಲಿಲ್ಲ.

1690ರ ಉಗಿಯಂತ್ರ

ಪಾಪಿನ್ನನ ಅತ್ಯಂತ ಮಹತ್ವದ ಲೇಖನ 1690ರಲ್ಲಿ ಲೈಪ್‌ಜಿಗ್‌ನ ಆಕ್ಟಾ ಎರುಡಿಟೋರಂ ಎಂಬ ಲ್ಯಾಟಿನ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೋವಿಮದ್ದಿನ ಬದಲು ನೀರನ್ನು ಬಳಸಬೇಕೆಂಬುದು ಇದರ ತಿರುಳು. ಸಿಲಿಂಡರಿನ ತಳದಲ್ಲಿ ಸ್ವಲ್ಪ ನೀರು ಹಾಕಿ ಕೆಳಗೆ ಬೆಂಕಿಯಿಟ್ಟರೆ ಉಗಿ ಪಿಸ್ಟನ್ನನ್ನು ಮೇಲೆತ್ತುತ್ತದೆ. ಮೇಲೆ ಬಂದ ಪಿಸ್ಟನ್ನನ್ನು ಕೊಂಡಿಯೊಂದು ಹಿಡಿದಿಡುತ್ತದೆ. ಬೆಂಕಿಯನ್ನು ತೆಗೆದಾಗ ಉಗಿ ತಣಿದು ಮತ್ತೆ ನೀರಾಗುತ್ತದೆ. ಉಗಿಯ ಗಾತ್ರಕ್ಕೆ ಹೋಲಿಸಿದರೆ ನೀರಿನ ಗಾತ್ರ ಅತ್ಯಲ್ಪವಾದುದರಿಂದ ಒಳಗೆ ಬಹುಮಟ್ಟಿಗೆ ಪೂರ್ಣ ನಿರ್ವಾತ ಏರ್ಪಡುತ್ತದೆ. ಕೊಂಡಿಯನ್ನು ಬಿಡಿಸಿದೊಡನೆ ವಾಯುಭಾರ ಪಿಸ್ಟನ್ನನ್ನು ರಭಸದಿಂದ ಕೆಳಕ್ಕೆ ಒತ್ತುತ್ತದೆ. ಎರಡೂವರೆ ಅಂಗುಲ ವ್ಯಾಸದ ಮಾದರಿಯೊಂದು 60 ಪೌಂಡು ತೂಕವನ್ನು ಎತ್ತುತ್ತಿತ್ತು.

ಈ ಮಾದರಿಯಲ್ಲಿ ನೀರು ಕಾಯುವುದೂ ಉಗಿ ತಣಿಯುವುದೂ ಒಂದೇ ಸಿಲಿಂಡರಿನಲ್ಲಿ ನಡೆಯುತ್ತಿದ್ದುದರಿಂದ ಕೆಲಸ ಬಹಳ ನಿಧಾನವಾಗಿತ್ತು. ದೊಡ್ಡ ಸಿಲಿಂಡರುಗಳನ್ನು ನುಣುಪಾಗಿ ಕೊರೆಯುವ ತಂತ್ರವೂ ಆಗ ಇರಲಿಲ್ಲ. ಸಿಲಿಂಡರ್, ಪಿಸ್ಟನ್ ಮತ್ತು ವಾಯುಭಾರವನ್ನು ಆಧರಿಸಿದ ಯಶಸ್ವಿ ಯಂತ್ರವನ್ನು ಇಂಗ್ಲೆಂಡಿನ ಥಾಮಸ್ ನ್ಯೂಕೊಮೆನ್ 1712ರಲ್ಲಿ ನಿರ್ಮಿಸಿದ.

ಈ ನಡುವೆ ಥಾಮಸ್ ಸೇವರಿ ಎಂಬಾತ ಗಣಿಗಳಿಂದ ನೀರೆತ್ತುವ ಉಗಿಯಂತ್ರಕ್ಕೆ 1698ರಲ್ಲಿ ಹಕ್ಕುಪತ್ರ ಪಡೆದಿದ್ದ. ಅದರ ಚಿತ್ರವನ್ನು ಲೈಬ್ನಿಟ್ಸ್ 1705ರಲ್ಲಿ ಪಾಪಿನ್ನನಿಗೆ ಕಳುಹಿಸಿಕೊಟ್ಟ. ಇದರಿಂದ ಪ್ರೇರಿತನಾದ ಪಾಪಿನ್ ಉಗಿಯ ಒತ್ತಡದಿಂದಲೇ ನೀರನ್ನು ಮೇಲಕ್ಕೆ ದಬ್ಬುವ ಹೊಸ ಯಂತ್ರವನ್ನು ರೂಪಿಸಿ, ಅದರ ವಿವರಣೆಯನ್ನು 1707ರಲ್ಲಿ ಕಾಸೆಲ್‌ನಲ್ಲಿ ಪ್ರಕಟಿಸಿದ. ಅಧಿಕ ಒತ್ತಡದ ಉಗಿಯನ್ನು ಬಳಸುವ ಈ ಯಂತ್ರದಲ್ಲಿಯೂ ಸುರಕ್ಷಾ ಕವಾಟವಿತ್ತು.

ಫುಲ್ಡಾ ನದಿಯ ದೋಣಿ

ಕಾಸೆಲ್‌ನಲ್ಲಿ ಬೇಸತ್ತ ಪಾಪಿನ್ ಮತ್ತೆ ಇಂಗ್ಲೆಂಡಿಗೆ ಹೋಗಲು ನಿರ್ಧರಿಸಿದ. ಚಕ್ರಾಕಾರದ ಹುಟ್ಟುಗಳುಳ್ಳ ದೋಣಿಯೊಂದನ್ನು ನಿರ್ಮಿಸಿ, 1707ರ ಸೆಪ್ಟೆಂಬರ್ 24ರಂದು ಫುಲ್ಡಾ ನದಿಯಲ್ಲಿ ಪ್ರಯಾಣ ಹೊರಟ. ಫುಲ್ಡಾ ಮತ್ತು ವೆರಾ ನದಿಗಳು ಕೂಡಿ ವೇಸರ್ ನದಿಯಾಗುವ ಮುಂಡೆನ್ ಪಟ್ಟಣದಲ್ಲಿ ದೋಣಿಗಾರರ ಸಂಘಕ್ಕೆ ಸಾಗಾಟದ ಏಕಸ್ವಾಮ್ಯವಿತ್ತು. ಹಾದುಹೋಗಲು ಬೇಕಾಗಿದ್ದ ಪರವಾನಗಿಯನ್ನು ಹ್ಯಾನೋವರಿನಿಂದ ದೊರಕಿಸಿಕೊಡಲು ಲೈಬ್ನಿಟ್ಸ್ ಪ್ರಯತ್ನಿಸಿದ್ದರೂ ಅದು ಕೈಗೂಡಿರಲಿಲ್ಲ. ದೋಣಿಗಾರರು ದೋಣಿಯನ್ನು ತಡೆದು ಒಡೆದುಹಾಕಿದರು.

ಇದು ಜಗತ್ತಿನ ಮೊದಲ ಉಗಿದೋಣಿ ಎಂಬ ಕಥೆ 19ನೆಯ ಶತಮಾನದಲ್ಲಿ ವ್ಯಾಪಕವಾಗಿ ಹರಡಿತು. ವಾಸ್ತವದಲ್ಲಿ ಅದರ ಚಕ್ರಗಳನ್ನು ಮನುಷ್ಯರೇ ತಿರುಗಿಸುತ್ತಿದ್ದರು. ಉಗಿಯಿಂದ ದೋಣಿ ನಡೆಸುವ ಆಲೋಚನೆ ಪಾಪಿನ್ನನಿಗೆ ಇದ್ದದ್ದು ನಿಜ. ಆದರೆ ಅದನ್ನು ಕಾರ್ಯಗತಗೊಳಿಸುವ ಅವಕಾಶ ಸಿಗಲಿಲ್ಲ.

ಕೊನೆಯ ವರ್ಷಗಳು

ಲಂಡನ್ನಿಗೆ ಬಂದಾಗ ಪಾಪಿನ್ನನಿಗೆ ಅರವತ್ತು ವರ್ಷ. ಈತನನ್ನು ಬಲ್ಲ ಹಳೆಯ ತಲೆಮಾರಿನವರಲ್ಲಿ ಬಾಯ್ಲ್ ಮತ್ತು ಹುಕ್ ತೀರಿಕೊಂಡಿದ್ದರು. ರಾಯಲ್ ಸೊಸೈಟಿಗೆ ಐಸಾಕ್ ನ್ಯೂಟನ್ ಅಧ್ಯಕ್ಷನಾಗಿದ್ದ. ತನ್ನ ಯಂತ್ರವನ್ನು ಸೇವರಿಯ ಯಂತ್ರದೊಡನೆ ಹೋಲಿಸಿ ಪರೀಕ್ಷಿಸಲು ಹಣ ಒದಗಿಸಬೇಕೆಂದು ಪಾಪಿನ್ ಸೊಸೈಟಿಯನ್ನು ಕೋರಿದ, ಕೋರಿಕೆ ಫಲಿಸಲಿಲ್ಲ. 1707ರಿಂದ 1712ರ ವರೆಗೆ ಈತನ ಕನಿಷ್ಠ ಏಳು ಪ್ರಬಂಧಗಳು ಸೊಸೈಟಿಯ ಸಭೆಗಳಲ್ಲಿ ಓದಲ್ಪಟ್ಟರೂ ಈತನಿಗೆ ತಕ್ಕ ಮನ್ನಣೆಯಾಗಲಿ ನಿಯತ ಸಂಬಳವಾಗಲಿ ದೊರೆಯಲಿಲ್ಲ. 1712ರ ಜನವರಿಯಲ್ಲಿ ಬರೆದ ಪತ್ರದಲ್ಲಿ ಈ ಅಸಮಾಧಾನವನ್ನು ತೋಡಿಕೊಂಡಿದ್ದಾನೆ. ಆತನ ಲಭ್ಯ ಪತ್ರಗಳಲ್ಲಿ ಅದೇ ಕೊನೆಯದು.

ಪಾಪಿನ್ನನ ಸಾವಿನ ವಿವರ ಮೂರು ಶತಮಾನಗಳ ಕಾಲ ಅಜ್ಞಾತವಾಗಿತ್ತು. ಲಂಡನ್ನಿನ ಫ್ಲೀಟ್ ಸ್ಟ್ರೀಟ್‌ನಲ್ಲಿರುವ ಸೇಂಟ್ ಬ್ರೈಡ್ಸ್ ಚರ್ಚಿನ ಹಳೆಯ ದಾಖಲೆಯೊಂದರಲ್ಲಿ ಈತನ ಹೆಸರು ಇತ್ತೀಚೆಗೆ ಪತ್ತೆಯಾಯಿತು. ಅದರ ಪ್ರಕಾರ 1713ರ ಆಗಸ್ಟ್ 26ರಂದು ಅಲ್ಲಿ ಈತನ ಶವಸಂಸ್ಕಾರ ನಡೆಯಿತು. ಆಗ ಈತನಿಗೆ 66 ವರ್ಷ ತುಂಬಿ ಕೆಲವೇ ದಿನಗಳಾಗಿದ್ದವು.

ಸುರಕ್ಷಾ ಕವಾಟದ ಮುಂದಿನ ಬೆಳವಣಿಗೆ

ಪಾಪಿನ್ನನ ನಂತರ ಅಧಿಕ ಒತ್ತಡದ ಬಾಯ್ಲರುಗಳು ಬಳಕೆಗೆ ಬಂದಂತೆ ಸುರಕ್ಷಾ ಕವಾಟದ ಮಹತ್ವ ಹೆಚ್ಚಿತು. ಸನ್ನೆಗೋಲಿನ ಕವಾಟದಲ್ಲಿ ಒಂದು ದೋಷವಿತ್ತು: ಹೆಚ್ಚಿನ ಶಕ್ತಿಯ ಆಸೆಗೆ ಕೆಲಸಗಾರರು ಗುಂಡನ್ನು ಹೊರಕ್ಕೆ ಸರಿಸುವುದು ಅಥವಾ ಹೆಚ್ಚುವರಿ ತೂಕ ಕಟ್ಟುವುದು ಸುಲಭವಾಗಿತ್ತು. ರಿಚರ್ಡ್ ಟ್ರೆವಿಥಿಕ್‌ನ ಬಾಯ್ಲರೊಂದು 1803ರಲ್ಲಿ ಗ್ರೀನಿಚ್‌ನಲ್ಲಿ ಸಿಡಿದು ಕೆಲಸಗಾರರು ಸತ್ತರು. ಅನಂತರ ಆತ ಎರಡು ಕವಾಟಗಳನ್ನು ಅಳವಡಿಸತೊಡಗಿದ. ಅವುಗಳಲ್ಲಿ ಒಂದು ಕೆಲಸಗಾರನ ಕೈಗೆ ಸಿಗದಂತಿರುತ್ತಿತ್ತು. ಜಾನ್ ರ‍್ಯಾಮ್ಸ್‌ಬಾಟಮ್ 1855ರಲ್ಲಿ ಸುಲಭವಾಗಿ ತಿದ್ದಲಾಗದ ಸ್ಪ್ರಿಂಗ್ ಕವಾಟವನ್ನು ರೂಪಿಸಿದ.

ಕವಾಟ ಯಾವಾಗ ತೆರೆಯಬೇಕೆಂಬುದನ್ನು ತೂಕ ಇಲ್ಲವೆ ಸ್ಪ್ರಿಂಗ್ ನಿರ್ಧರಿಸುತ್ತದೆ. ತೆರೆದ ಮೇಲೆ ಎಷ್ಟು ಉಗಿ ಹೊರಹೋಗಬಲ್ಲದು ಎಂಬುದು ಬೇರೆಯೇ ಪ್ರಶ್ನೆ. ಬಾಯ್ಲರಿನಲ್ಲಿ ಗಂಟೆಗೆ ಉತ್ಪತ್ತಿಯಾಗುವ ಉಗಿಗಿಂತ ಕಡಿಮೆ ಉಗಿಯನ್ನು ಕವಾಟ ಹೊರಬಿಟ್ಟರೆ, ಕವಾಟ ತೆರೆದಿದ್ದರೂ ಒತ್ತಡ ಏರುತ್ತಲೇ ಹೋಗುತ್ತದೆ. ಈ ಲೆಕ್ಕಕ್ಕೆ ಅಗತ್ಯವಾದ ಸಿದ್ಧಾಂತ ಪಾಪಿನ್ನನ ಕಾಲದಲ್ಲಿ ಇರಲಿಲ್ಲ. ಫ್ರಾನ್ಸಿನ ಸಾಂ-ವೆನಾಂ ಮತ್ತು ವಾಂಟ್ಸೆಲ್ 1839ರಲ್ಲಿ ರಂಧ್ರದ ಮೂಲಕ ಅನಿಲ ಹರಿಯುವ ಪ್ರಮಾಣಕ್ಕೆ ಸೂತ್ರವನ್ನು ನೀಡಿದರು. ಹೊರಗಿನ ಒತ್ತಡ ಒಳಗಿನ ನಿರಪೇಕ್ಷ ಒತ್ತಡದ ಒಂದು ನಿರ್ದಿಷ್ಟ ಭಾಗಕ್ಕಿಂತ ಕೆಳಗಿಳಿದಾಗ ಹರಿವಿನ ಪ್ರಮಾಣ ಮತ್ತೆ ಹೆಚ್ಚುವುದಿಲ್ಲ. ಗಾಳಿಗೆ ಈ ಅನುಪಾತ ಸುಮಾರು 0.53, ಶುಷ್ಕ ಸಂತೃಪ್ತ ಉಗಿಗೆ ಸುಮಾರು 0.58. ರಂಧ್ರದ ಕಿರಿದಾದ ಭಾಗದಲ್ಲಿ ಅನಿಲ ಶಬ್ದವೇಗವನ್ನು ಮುಟ್ಟುವುದರಿಂದ ಹೊರಗಿನ ಒತ್ತಡದ ಬದಲಾವಣೆ ಒಳಕ್ಕೆ ತಲುಪಲಾರದೆಂದು ಆಸ್ಬರ್ನ್ ರೆನಾಲ್ಡ್ಸ್ 1886ರಲ್ಲಿ ವಿವರಿಸಿದ. ಈ ಸ್ಥಿತಿಯಲ್ಲಿ ಹರಿವು ರಂಧ್ರದ ವಿಸ್ತೀರ್ಣ ಮತ್ತು ಒಳಗಿನ ನಿರಪೇಕ್ಷ ಒತ್ತಡಗಳಿಗೆ ಅನುಪಾತದಲ್ಲಿರುತ್ತದೆ. ಅನಿಲಗಳಲ್ಲಿ ಅಣುತೂಕದ ವರ್ಗಮೂಲಕ್ಕೆ ನೇರವಾಗಿಯೂ ನಿರಪೇಕ್ಷ ಉಷ್ಣತೆಯ ವರ್ಗಮೂಲಕ್ಕೆ ವಿಲೋಮವಾಗಿಯೂ ಬದಲಾಗುತ್ತದೆ.

ಉಗಿಗೆ ನೇಪಿಯರ್ ಸೂತ್ರ ಹೆಸರುವಾಸಿಯಾದುದು. ಚದರ ಅಂಗುಲದಲ್ಲಿರುವ ವಿಸ್ತೀರ್ಣವನ್ನು ಚದರ ಅಂಗುಲಕ್ಕೆ ಪೌಂಡುಗಳಲ್ಲಿರುವ ನಿರಪೇಕ್ಷ ಒತ್ತಡದಿಂದ ಗುಣಿಸಿ 70ರಿಂದ ಭಾಗಿಸಿದರೆ, ಸೆಕೆಂಡಿಗೆ ಎಷ್ಟು ಪೌಂಡು ಉಗಿ ಹರಿಯುತ್ತದೆಂಬುದು ದೊರೆಯುತ್ತದೆ. ಮೆಟ್ರಿಕ್ ಮಾನದಲ್ಲಿ 100 ಚದರ ಮಿಲಿಮೀಟರ್ ವಿಸ್ತೀರ್ಣದ ರಂಧ್ರದಿಂದ 10 ಬಾರ್ ನಿರಪೇಕ್ಷ ಒತ್ತಡದಲ್ಲಿ ಗಂಟೆಗೆ ಸುಮಾರು 525 ಕಿಲೋಗ್ರಾಂ ಉಗಿ ಹೊರಬೀಳುತ್ತದೆ. ನಿಜವಾದ ಕವಾಟದಲ್ಲಿ ಹರಿವು ಇದಕ್ಕಿಂತ ಕಡಿಮೆ. ಆದ್ದರಿಂದ ಪರೀಕ್ಷೆಯಿಂದ ತಿಳಿದ ನಿರ್ಗಮ ಗುಣಾಂಕದಿಂದ ಗುಣಿಸಬೇಕಾಗುತ್ತದೆ.

ಕವಾಟಕ್ಕೆ ಜೋಡಿಸಿದ ಕೊಳವೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಳಬರುವ ಕೊಳವೆ ಕಿರಿದಾಗಿದ್ದರೆ ಅಥವಾ ಉದ್ದವಾಗಿದ್ದರೆ, ಉಗಿ ಹರಿಯತೊಡಗಿದಾಗ ಘರ್ಷಣೆಯಿಂದ ಒತ್ತಡ ಕುಸಿದು ಕವಾಟ ಮುಚ್ಚಿಕೊಳ್ಳುತ್ತದೆ. ಹರಿವು ನಿಂತೊಡನೆ ಒತ್ತಡ ಏರಿ ಮತ್ತೆ ತೆರೆಯುತ್ತದೆ. ಹೀಗೆ ಪಟಪಟನೆ ಬಡಿದುಕೊಳ್ಳುವ ಕವಾಟ ಹಾಳಾಗುತ್ತದೆ. ಇದನ್ನು ತಪ್ಪಿಸಲು ಒಳಕೊಳವೆಯಲ್ಲಿನ ಒತ್ತಡನಷ್ಟ ಕವಾಟ ತೆರೆಯುವ ಒತ್ತಡದ ಶೇಕಡಾ 3ನ್ನು ಮೀರಬಾರದೆಂಬ ನಿಯಮ ರೂಢಿಯಲ್ಲಿದೆ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬ್ರಾಕ್‌ಟನ್‌ನಲ್ಲಿ 1905ರ ಮಾರ್ಚ್ 20ರಂದು ಪಾದರಕ್ಷೆ ಕಾರ್ಖಾನೆಯೊಂದರ ಬಾಯ್ಲರ್ ಸಿಡಿದು 58 ಮಂದಿ ಸತ್ತರು. ಇಂತಹ ದುರಂತಗಳ ತರುವಾಯ ಬಾಯ್ಲರುಗಳ ಹಾಗೂ ಸುರಕ್ಷಾ ಕವಾಟಗಳ ವಿನ್ಯಾಸಕ್ಕೆ ಕಡ್ಡಾಯ ನಿಯಮಗಳು ಜಾರಿಗೆ ಬಂದವು.

ಸ್ಮಾರಕಗಳು

ಬ್ಲ್ವಾ ಪಟ್ಟಣದಲ್ಲಿ ಪಾಪಿನ್ನನ ಪ್ರತಿಮೆಯಿದೆ. ಅದರ ಬಳಿಗೆ ಏರಿಹೋಗುವ ವಿಶಾಲವಾದ ಮೆಟ್ಟಿಲುಗಳಿಗೂ ಈತನ ಹೆಸರನ್ನೇ ಇಡಲಾಗಿದೆ. ಜರ್ಮನಿಯ ಕಾಸೆಲ್ ನಗರದಲ್ಲಿ ಈತನ ನೆನಪಿಗಾಗಿ ಕಾರಂಜಿಯೊಂದನ್ನು ನಿರ್ಮಿಸಲಾಗಿದೆ.